ನಾದ ಜಿಜ್ಞಾಸೆ: ಎಡಗೈಯಲ್ಲಿ ಅಡಗಿದ ಪಲ್ಲವಿ

ಪ್ರಶ್ನೆ: ಉಡುಪಿಯ ರಾಜಾಂಗಣದಲ್ಲಿಯೂ ಮಂಗಳೂರಿನ ಪುರಭವನದಲ್ಲಿಯೂ ಕರ್ನಾಟಕ ಸಂಗೀತ ಕಛೇರಿಗಳನ್ನು ಕೇಳುತ್ತ ಬಂದವನು ನಾನು. ಮಗಳ ಒತ್ತಾಯಕ್ಕೆ, ಜರ್ಮನಿಯ ಸಂಗೀತ ರಚನಕಾರ ಬಾಖ್ ರಚಿಸಿದ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ಕೃತಿಯನ್ನು ಗ್ಲೆನ್ ಗೂಲ್ಡ್ 1955ರಲ್ಲಿ ಪಿಯಾನೋದಲ್ಲಿ ನುಡಿಸಿದ ಪ್ರಸಿದ್ಧ ಧ್ವನಿಮುದ್ರಣವನ್ನು ಮೊದಲ ಬಾರಿಗೆ ಕೇಳಿದೆ. ಆರಂಭದಲ್ಲಿ ಬರುವ ‘ಆರಿಯಾ’ ಎಂಬ ಹಾಡಿನಂಥ ಭಾಗ ಬಹಳ ಹಿಡಿಸಿತು. ಆದರೆ ಆ ಧಾಟಿ ಕೊನೆಯವರೆಗೂ ಮತ್ತೆ ಕೈಗೆ ಸಿಗಲಿಲ್ಲ. ಹಿನ್ನೆಲೆಯಲ್ಲಿ ಯಾರೋ ಗುನುಗುವುದೂ ಕೇಳಿಸಿತು. ಅದು ಧ್ವನಿಮುದ್ರಣದ ದೋಷವೇ? ಇಂಥ ಸಂಗೀತವನ್ನು ಹೇಗೆ ಕೇಳಬೇಕು?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಗುನುಗುತ್ತಿರುವವರು ಸ್ವತಃ ಗೂಲ್ಡ್, ನುಡಿಸುವಾಗ ದನಿಗೂಡಿಸುವ ಅಭ್ಯಾಸ ಕೆನಡಾದ ಈ ಕಲಾವಿದರನ್ನು ಕೊನೆಯವರೆಗೂ ಬಿಡಲಿಲ್ಲ.

ಧಾಟಿ ಸಿಗದಿರುವುದು ತಮ್ಮ ಕಿವಿಯ ಕೊರತೆಯಲ್ಲ. 1741ರಲ್ಲಿ ಪ್ರಕಟವಾದ ಈ ಕೃತಿಯಲ್ಲಿ ಬಾಖ್ ಬೆಳೆಸಿರುವುದು ಆರಿಯಾದ ಮೇಲಿನ ಧಾಟಿಯನ್ನಲ್ಲ, ಅದರ ತಳದಲ್ಲಿ ಎಡಗೈ ನುಡಿಸುವ ಮಂದ್ರ ಸ್ವರಗಳ ಸಾಲನ್ನು. ಆ ಸಾಲಿನ ಮೊದಲ ಎಂಟು ಸ್ವರಗಳನ್ನು ನಮ್ಮ ರೀತಿಯಲ್ಲಿ ಬರೆದರೆ ‘ಸ ನಿ ದ ಪ, ಗ ಮ ಪ ಸ’ ಎಂದಾಗುತ್ತದೆ. ಎಲ್ಲವೂ ಶಂಕರಾಭರಣ ರಾಗದ ಸ್ವರಗಳೇ. ಮೂರೆಣಿಕೆಯ ಒಂದೊಂದು ಆವರ್ತಕ್ಕೆ ಒಂದೊಂದು ಸ್ವರದಂತೆ ಇವನ್ನು ತಾವೇ ಮೆಲ್ಲನೆ ಹಾಡಿಕೊಂಡು, ಆಮೇಲೆ ಆರಿಯಾ ಕೇಳಿ. ನೆರವಲ್‌ನಲ್ಲಿ ಸಾಹಿತ್ಯದ ಸಾಲು ಹಾಗೆಯೇ ಉಳಿದು ಸಂಗತಿಗಳು, ಅಂದರೆ ಅದನ್ನು ಹಾಡುವ ಸ್ವರವಿನ್ಯಾಸಗಳು, ಬದಲಾಗುತ್ತವೆಯಲ್ಲವೇ? ಇಲ್ಲಿಯೂ 32 ಆವರ್ತಗಳ ಆ ತಳಹದಿ ಉಳಿದುಕೊಂಡು, ಅದರ ಮೇಲೆ 30 ಬಗೆಯ ರಚನೆಗಳು ಏಳುತ್ತವೆ. ಪ್ರತಿ ಮೂರನೆಯದರಲ್ಲಿ, ಕೊನೆಯ ಮೂವತ್ತನೆಯದೊಂದನ್ನು ಬಿಟ್ಟು, ಒಂದು ಎಳೆ ನುಡಿದದ್ದನ್ನು ಇನ್ನೊಂದು ಎಳೆ ತುಸು ತಡವಾಗಿ ಅನುಸರಿಸುತ್ತದೆ. ಎಲ್ಲ ಮುಗಿದ ಮೇಲೆ ಆರಿಯಾ ಯಥಾವತ್ತಾಗಿ ಮರಳುತ್ತದೆ.

25ನೆಯದಕ್ಕೆ ವಿಶೇಷ ಗಮನ ಕೊಡಿ. ಅಂತರ ಗಾಂಧಾರದ ಜಾಗಕ್ಕೆ, ಅದಕ್ಕಿಂತ ಒಂದು ಸ್ವರಸ್ಥಾನ ತಗ್ಗಿನ ಸಾಧಾರಣ ಗಾಂಧಾರ ಬರುತ್ತದೆ. ತಳದ ಸ್ವರಗಳೂ ಷಡ್ಜದಿಂದ ಪಂಚಮದ ಕಡೆಗೆ ನೇರವಾಗಿ ಇಳಿಯದೆ, ನಡುವಿನ ಒಂದೊಂದು ಸ್ವರಸ್ಥಾನವನ್ನೂ ಮುಟ್ಟುತ್ತ ಜಾರುತ್ತವೆ. ಉಳಿದೆಡೆ ಮಿಂಚಿನಂತೆ ಸಾಗುವ ಇಪ್ಪತ್ತೆರಡರ ತರುಣ ಗೂಲ್ಡ್ ಇದೊಂದಕ್ಕೇ ಆರು ನಿಮಿಷಕ್ಕೂ ಹೆಚ್ಚು ಕಾಲ ಕೊಟ್ಟಿದ್ದಾರೆ. ಇಡೀ ಧ್ವನಿಮುದ್ರಣದಲ್ಲಿ ನನ್ನನ್ನು ಅತ್ಯಂತ ಆಳವಾಗಿ ಕಲಕಿದ ಭಾಗ ಇದು.

ಗೂಲ್ಡ್ ಇದೇ ಕೃತಿಯನ್ನು ನ್ಯೂಯಾರ್ಕಿನ ಅದೇ ಸ್ಟುಡಿಯೋದಲ್ಲಿ 1981ರಲ್ಲಿ ಮತ್ತೆ ನುಡಿಸಿದರು. ಮರುವರ್ಷ ಅಕ್ಟೋಬರಿನಲ್ಲಿ, 50ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಪುನರಾವೃತ್ತಿಗಳನ್ನು ಬಿಟ್ಟು ಓಡುವ ಮೊದಲನೆಯದು ಸುಮಾರು 38 ನಿಮಿಷದ್ದಾದರೆ ಎರಡನೆಯದು 51 ನಿಮಿಷದ್ದು. ಎರಡನೆಯದರಲ್ಲಿ ಆರಿಯಾ ಎಷ್ಟು ನಿಧಾನವೆಂದರೆ ಎಡಗೈಯ ಒಂದೊಂದು ಸ್ವರವನ್ನೂ ಬೇರೆಯಾಗಿ ಗುರುತಿಸಬಹುದು. ಆದ್ದರಿಂದ ತಾವು ಮೊದಲು ಆ ಆರಿಯಾವನ್ನು ಕೇಳಿ ತಳದ ಸಾಲನ್ನು ಮನನ ಮಾಡಿಕೊಂಡು, ಬಳಿಕ 1955ರದಕ್ಕೆ ಮರಳುವುದು ಒಳಿತೆಂಬುದು ನನ್ನ ಅಭಿಪ್ರಾಯ. ಆದರೆ ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ. ಮಂದ್ರ ಸ್ವರಗಳೇ ಅದರಲ್ಲಿ ಕೇಳಿಸುವುದಿಲ್ಲ.