ಘಾಟಿ ಹತ್ತುವಾಗ ಜಿಪ್ಸಿ ನಾಕ್ ಹೊಡೆಯುತ್ತಾ? ಮೊದಲು ಟೈಮಿಂಗ್ ನೋಡಿಸಿ

ಪ್ರಶ್ನೆ: ನನ್ನದು 1998ರ ಕಾರ್ಬ್ಯುರೇಟರ್ ಜಿಪ್ಸಿ ಕಿಂಗ್. ಹಿಂದೆ ಟಬ್ ಕಟ್ಟಿಸಿ ಪಿಕಪ್ ಥರ ಬಳಸುತ್ತೇನೆ. ಇತ್ತೀಚೆಗೆ ಟ್ಯೂನಿಂಗ್ ಮಾಡಿಸಿದೆ, ಮೂಡಿಗೆರೆ ಸುತ್ತ ಸೊಗಸಾಗಿ ಓಡುತ್ತೆ. ಆದರೆ ಉಜಿರೆಯಿಂದ ಹೆಂಚು ಹೇರಿಕೊಂಡು ಚಾರ್ಮಾಡಿ ಹತ್ತುವಾಗ ಇಂಜಿನ್ನಿನಲ್ಲಿ ಕಿಣಿಕಿಣಿ ಸದ್ದು. 95 ಆಕ್ಟೇನ್ (ನಾಕ್ ತಡೆಯುವ ಶಕ್ತಿಯ ಅಂಕಿ) ಪೆಟ್ರೋಲ್ ಹಾಕಿಸಿದೆ, ಪೂರ್ತಿ ಹೋಗಲಿಲ್ಲ. ಹಾಫ್ ಇಂಜಿನ್ ಕೆಲಸ (ಹೆಡ್ ಬಿಚ್ಚಿ ಪಿಸ್ಟನ್ ರಿಂಗ್ ಬದಲಿಸೋದು) ಮಾಡಿಸಿ ಅಂತಾರೆ. ಮಾಡಿಸಲಾ?
– ಓದುಗರು, ಮೂಡಿಗೆರೆ

ಉತ್ತರ: ಈಗಲೇ ಬೇಡ. ಸುಮ್ನೆ ದುಡ್ಡು ದಂಡ.

ಮೊದಲು ಸದ್ದು ಯಾವುದು ಅಂತ ಖಚಿತ ಮಾಡಿಕೊಳ್ಳಿ. ಟ್ಯಾಪೆಟ್ (ವಾಲ್ವ್ ತಳ್ಳುವ ಭಾಗ) ಸದ್ದಾದರೆ ಗಾಡಿ ನಿಂತಿದ್ದಾಗಲೂ ಟಿಕಟಿಕ ಅನ್ನುತ್ತೆ. ಲೋಡ್ ಮೇಲೆ ಆಕ್ಸಿಲರೇಟರ್ ಒತ್ತಿದಾಗ ಬಂದು, ಕಾಲು ಸಡಿಲಿಸಿದ ತಕ್ಷಣ ನಿಂತರೆ ಅದು ನಾಕಿಂಗ್. ಪ್ಲಗ್ಗಿನ ಕಿಡಿಯಿಂದ ಸಾಲಾಗಿ ಉರಿಯಬೇಕಾದ ಪೆಟ್ರೋಲ್, ಬಿಸಿ ಮತ್ತು ಒತ್ತಡ ಜಾಸ್ತಿಯಾಗಿ ತಾನೇ ಸಿಡಿಯುವ ಸದ್ದು ಅದು.

ಊರಲ್ಲಿ ಯಾಕಿಲ್ಲ, ಘಾಟಿಯ ಬುಡದಲ್ಲೇ ಯಾಕೆ? ಮೂಡಿಗೆರೆ ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹೆಚ್ಚುಕಡಿಮೆ ಶೇ 10ರಷ್ಟು ಕಡಿಮೆ, ಹಾಗಾಗಿ ಮೆಕ್ಯಾನಿಕ್ ಪಿಕಪ್ ಬರಲಿ ಅಂತ ಟೈಮಿಂಗನ್ನು (ಪ್ಲಗ್ಗಿನ ಕಿಡಿ ಹಾರುವ ಗಳಿಗೆ) ಸ್ವಲ್ಪ ಜಾಸ್ತಿ ಅಡ್ವಾನ್ಸ್ ಮಾಡಿದರೂ, ಅಂದರೆ ಮುಂಚೆ ತಂದರೂ, ಇಂಜಿನ್ ತಡೆದುಕೊಳ್ಳುತ್ತೆ. ಉಜಿರೆಗೆ ಇಳಿದರೆ ಗಾಳಿ ದಟ್ಟ, ಸೆಕೆ ಬೇರೆ, ಮೇಲಿಂದ ಹೆಂಚಿನ ಭಾರ. ಅಲ್ಲಿ ಅದೇ ಟೈಮಿಂಗ್ ಅತಿಯಾಗುತ್ತೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲು ನಿಲ್ಲಿಸುವ ಹೊತ್ತಿಗೆ ಸದ್ದು ಮಾಯ, ನೀವೂ ಮರೆತಿರುತ್ತೀರಿ, ಅಲ್ವಾ? ನಿಮ್ಮ ಟ್ಯೂನಿಂಗ್ ಮೇಲೇ ನನ್ನ ಅನುಮಾನ.

ಕಿವಿಯಲ್ಲಿ ಕೇಳಿ ಟೈಮಿಂಗ್ ಇಡುವವರ ಹತ್ತಿರ ಹೋಗಬೇಡಿ, ಟೈಮಿಂಗ್ ಲೈಟ್ (ಕಿಡಿ ಹಾರಿದಾಗೆಲ್ಲ ಮಿಂಚುವ ದೀಪ) ಇರುವವರನ್ನು ಹುಡುಕಿ. ಇಂಜಿನ್ ಚೆನ್ನಾಗಿ ಬಿಸಿಯಾಗಿರಲಿ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪ್ ತೆಗೆದು ಬಾಯಿ ಮುಚ್ಚಿ, ಐಡಲಿಂಗ್‌ನಲ್ಲಿ ಕ್ರ್ಯಾಂಕ್ ಪುಲ್ಲಿಯ ಗುರುತಿಗೆ ಲೈಟ್ ಹಿಡಿಯಬೇಕು. ಕಂಪನಿ ಮ್ಯಾನ್ಯುಯಲ್‌ನಲ್ಲಿರುವ ಅಂಕಿಗೆ ಅದು ಕೂರಬೇಕು. ಜಾಸ್ತಿ ಇದ್ದರೆ, ಒಳಗಿನ ರೋಟರ್ ತಿರುಗುವ ದಿಕ್ಕಿಗೇ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿದರೆ ಕಿಡಿ ತಡವಾಗುತ್ತೆ. ಆಮೇಲೆ ರೇಸ್ ಕೊಟ್ಟು ನೋಡಿ. ಗುರುತು ನಿಧಾನವಾಗಿ ಸರಿಯುವ ಬದಲು ಒಮ್ಮೆಲೇ ನೆಗೆದರೆ ಡಿಸ್ಟ್ರಿಬ್ಯೂಟರ್ ಒಳಗಿನ ಸ್ಪ್ರಿಂಗ್ ಸೋತಿವೆ ಅಂತ ಲೆಕ್ಕ.

ಪ್ಲಗ್ ಬಿಚ್ಚಿದಾಗ ಒಂದು ಕೆಲಸ ಮಾಡಿ, ಬಿಸಿಲಲ್ಲಿ ಹಿಡಿದು ನೋಡಿ. ತುದಿಯ ಪಿಂಗಾಣಿ ತಿಳಿ ಕಂದಾಗಿದ್ದರೆ ಸರಿ. ಬೆಳ್ಳಗೆ ಸುಟ್ಟಂತಿದ್ದರೆ ಮಿಕ್ಸ್ಚರ್ ಲೀನ್, ಅಂದರೆ ಗಾಳಿಗೆ ಪೆಟ್ರೋಲ್ ಸಾಲದು; ಅದರಿಂದಲೂ ನಾಕ್ ಬರುತ್ತೆ. ಬಿಳುಪಿನ ಮೇಲೆ ಸಣ್ಣ ಹೊಳೆಯುವ ಚುಕ್ಕೆಗಳಿದ್ದರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ ಇರಬಹುದು, ಅಂಥ ಗಾಡಿಗೆ ಲೋಡ್ ಹಾಕಲೇಬೇಡಿ.

ಲೀನ್ ಆಗಲು ಕಾರಣ ಕಾರ್ಬ್ಯುರೇಟರ್ ಬುಡದ ಗ್ಯಾಸ್ಕೆಟ್ ಬಿರುಕೋ, ಪೆಟ್ರೋಲ್ ಹಾಯುವ ಸಣ್ಣ ತೂತು ಅಂದರೆ ಜೆಟ್‌ನಲ್ಲಿ ಕಸವೋ ಇರಬಹುದು. ಈಗಿನ 20% ಎಥನಾಲ್ ಪೆಟ್ರೋಲ್ ಕೂಡ ಹಳೆ ಕಾರ್ಬ್ಯುರೇಟರಿನಲ್ಲಿ ಸ್ವಲ್ಪ ಲೀನೇ. ಅದರ ಆಕ್ಟೇನ್ ಹಿಂದಿನ 91ಕ್ಕಿಂತ ಜಾಸ್ತಿ, ಹಾಗಾಗಿ ದುಬಾರಿ ಪೆಟ್ರೋಲ್ ಹಾಕಿಸಿ ಹೆಚ್ಚು ಸಿಗುವುದೇನಿಲ್ಲ. ರೇಡಿಯೇಟರ್ ಕಟ್ಟಿಕೊಂಡಿದೆಯಾ ಅಂತಲೂ ನೋಡಿಸಿ.

ಸರಿ ಹೋಗುವವರೆಗೆ ಘಾಟಿಯಲ್ಲಿ ಮೂರನೇ ಗೇರಿನಲ್ಲಿ ತಿಣುಕಿಸಬೇಡಿ, ಎರಡಕ್ಕೆ ಇಳಿಸಿ.

ಇಷ್ಟಾದರೂ ಸದ್ದು ಉಳಿದರೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡಿಸಿ. ಅಂಕಿ ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ಬಂದರೆ ಒಳಗೆ ಕಾರ್ಬನ್ (ಮಸಿ) ಕಟ್ಟಿದೆ ಅಂತ ಅರ್ಥ, ತೋಟದೊಳಗೇ ನಿಧಾನಕ್ಕೆ ಓಡುವ ಗಾಡಿಗಳಲ್ಲಿ ಇದು ಮಾಮೂಲಿ. ಆಗ ಹೆಡ್ ಇಳಿಸಿ ಕೆರೆಸಿದರೆ ಸಾಕು, ಪಿಸ್ಟನ್ ರಿಂಗಿಗೆ ಕೈ ಹಾಕಬೇಕಿಲ್ಲ.