ಪ್ರತಿಕ್ರಿಯೆ: ಶಾಸನ ಓದುವವರಿಗೂ ವಿಜ್ಞಾನಕ್ಕೂ ಏನು ಸಂಬಂಧ?

ಕನ್ನಡ ಎಂ.ಎ. ಮುಗಿಸಿ ಶಾಸನಗಳ ಮೇಲೆ ಪಿಎಚ್.ಡಿ. ಮಾಡಬೇಕೆಂದಿದ್ದೀರಿ, ಭೌತವಿಜ್ಞಾನ ಓದಿದ ಅಣ್ಣ "ಕಲ್ಲಿನ ಮೇಲಿನ ಬರಹದಿಂದ ಯಾರಿಗೆ ಉಪಯೋಗ" ಎನ್ನುತ್ತಾರೆ ಎಂದು ಬರೆದಿದ್ದೀರಿ. ಅವರಿಗೆ ಇಂದಿನ ಇರಾಕಿನಲ್ಲಿದ್ದ ಪ್ರಾಚೀನ ನಗರ ಬ್ಯಾಬಿಲೋನಿನ ಕಥೆ ಹೇಳಿ. ಕ್ರಿಸ್ತಪೂರ್ವ 136ರ ಏಪ್ರಿಲ್ 15ರಂದು ಅಲ್ಲಿ ಪೂರ್ಣ ಸೂರ್ಯಗ್ರಹಣವಾಯಿತೆಂದು ಮಣ್ಣಿನ ಹಲಗೆಗಳಲ್ಲಿ ದಾಖಲಾಗಿದೆ. ಭೂಮಿ ಅಂದಿನಿಂದ ಇಂದಿನ ವೇಗದಲ್ಲೇ ತಿರುಗಿದೆ ಎಂದು ಲೆಕ್ಕ ಹಾಕಿದರೆ, ಆ ಗ್ರಹಣದ ನೆರಳು ಸಾವಿರಾರು ಕಿಲೋಮೀಟರ್ ಪಶ್ಚಿಮಕ್ಕೆ ಬೀಳುತ್ತದೆ! ಹಲಗೆ ಸುಳ್ಳು ಹೇಳಿಲ್ಲ; ಭೂಮಿಯ ವೇಗವೇ ತಗ್ಗಿದೆ. ಶತಮಾನಕ್ಕೆ ದಿನವೊಂದು ಸುಮಾರು 2 ಮಿಲಿಸೆಕೆಂಡಿನಷ್ಟು ಉದ್ದವಾಗುತ್ತಿದೆ ಎಂಬ ಅಂದಾಜಿಗೆ ಇಂಥ ದಾಖಲೆಗಳೇ ಆಧಾರ. ಆ ಲಿಪಿಯನ್ನು ಓದಿಕೊಟ್ಟವರು ಭಾಷಾ ವಿದ್ವಾಂಸರು, ನಿಮ್ಮ ಅಣ್ಣನ ಕಡೆಯವರಲ್ಲ.

ನಮ್ಮ ದಾನಶಾಸನಗಳಲ್ಲೂ "ಸೂರ್ಯಗ್ರಹಣ ನಿಮಿತ್ತ" ಎಂಬ ಮಾತು ಮೇಲಿಂದ ಮೇಲೆ ಸಿಗುತ್ತದೆ. ಖಗೋಳ ವಿಜ್ಞಾನಿ ಬಿ.ಎಸ್. ಶೈಲಜಾ ಅವರು ಇವನ್ನು ಆಕಾಶದ ದಾಖಲೆಗಳಾಗಿ ಓದಿದ್ದಾರೆ. ಒಂದು ಎಚ್ಚರಿಕೆ: ದಾನದ ತಿಥಿಯನ್ನು ಪಂಚಾಂಗ ನೋಡಿಯೂ ಬರೆದಿರಬಹುದು, ಆದ್ದರಿಂದ ಗ್ರಹಣವನ್ನು ಕಣ್ಣಾರೆ ಕಂಡೇ ಕೆತ್ತಿಸಿದರೆಂದು ಭಾವಿಸಬೇಡಿ. ಕರ್ನಾಟಕದ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಿಂದ ಆರಂಭಿಸಿ. ಲೆಕ್ಕದ ಪಾಲನ್ನು ಅಣ್ಣನಿಗೇ ಹೊರಿಸಿ.