ಪ್ವೆಬ್ಲೊ ಮೂಳೆಗಳ ಕೆಲಸಕ್ಕೆ ಬರುವವರಿಗೆ

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪ್ರಾಣಿಮೂಳೆ ಗುರುತಿಸಲು ಕಲಿತಿದ್ದೀರಿ. ಅಮೆರಿಕದ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ ಓದಲು ಅಷ್ಟು ಸಾಕೇ, ಇಲ್ಲಿಯ ಬದುಕು ಹೇಗೆ ಎಂದು ಕೇಳಿದ್ದೀರಿ. ಅರ್ಧ ಸಾಕು. ದನ-ಎಮ್ಮೆ, ಕುರಿ-ಮೇಕೆ ಬೇರ್ಪಡಿಸುವ ಪರಿಣತಿಗೆ ಇಲ್ಲಿ ಹೆಚ್ಚು ಕೆಲಸವಿಲ್ಲ. 1540ರಲ್ಲಿ ಸ್ಪೇನಿನವರು ಬರುವ ಮೊದಲು ಈ ಸೀಮೆಯ ಮೂಲನಿವಾಸಿಗಳಾದ ಪ್ವೆಬ್ಲೊ ಜನರ ಊರುಗಳ ಸಾಕುಪ್ರಾಣಿಗಳೆಂದರೆ ನಾಯಿ ಮತ್ತು ಟರ್ಕಿ ಕೋಳಿ. ಹಳೆಯ ಪದರದಲ್ಲಿ ಕುರಿಯಂಥ ಮೂಳೆ ಸಿಕ್ಕರೆ ಮೊದಲು ಬಿಗ್‌ಹಾರ್ನ್ ಕಾಡುಕುರಿಯ ಜೊತೆ ಹೋಲಿಸಿ. ಅದಲ್ಲದಿದ್ದರೆ ಮೇಲಿನ ಹೊಸ ಪದರದಿಂದ ಜಾರಿ ಬಂದದ್ದೇ ಎಂದು ಅನುಮಾನಿಸಿ.

ಉತ್ಖನನದ ಮೂಳೆ ಡಬ್ಬಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಗುವುದು ಮೊಲ. ಸಣ್ಣ ಕಾಟನ್‌ಟೇಲ್‌ಗೆ ಪೊದೆ ಬೇಕು, ದೊಡ್ಡ ಜಾಕ್‌ರ‍್ಯಾಬಿಟ್‌ಗೆ ಬಯಲು. ಕಾಟನ್‌ಟೇಲ್ ಎಣಿಕೆಯನ್ನು ಎರಡರ ಒಟ್ಟು ಎಣಿಕೆಯಿಂದ ಭಾಗಿಸಿ. ಈ ಸೂಚ್ಯಂಕ ಕಾಲಕ್ರಮದಲ್ಲಿ ಇಳಿದರೆ ಪೊದೆ ಕಡಿದು ಹೊಲ ಮಾಡಿರಬಹುದು. ಆದರೆ ಅದಕ್ಕೂ ಮುಂಚೆ, ಅಗೆದವರು ಮಣ್ಣು ಸೋಸಲು ಯಾವ ಜರಡಿ ಹಿಡಿದಿದ್ದರು ಎಂದು ವಿಚಾರಿಸಿ. ಕಾಲಿಂಚು, ಅಂದರೆ 6.4 ಮಿ.ಮೀ. ಕಣ್ಣಿನಲ್ಲಿ ಕಾಟನ್‌ಟೇಲ್‌ನ ಸಣ್ಣ ಮೂಳೆಗಳು ಉದುರಿಹೋಗುತ್ತವೆ, ಜಾಕ್‌ರ‍್ಯಾಬಿಟ್‌ನವು ಉಳಿಯುತ್ತವೆ. ಅದನ್ನು 3.2 ಮಿ.ಮೀ. ಜರಡಿಯ ಸಂಗ್ರಹದ ಪಕ್ಕ ಇಟ್ಟರೆ, ಪೊದೆ ಕಡಿದವರು ರೈತರಲ್ಲ, ಜರಡಿ!

ಟರ್ಕಿಯದು ಇನ್ನೊಂದು ತೊಡಕು. ಅದರ ಗರಿಗಳಿಂದ ಕಂಬಳಿ ಮಾಡುತ್ತಿದ್ದರು, ಕೆಲವು ಕೋಳಿಗಳನ್ನು ಇಡಿಯಾಗಿ ಹೂಳುತ್ತಿದ್ದರು. ಹೂಳಿದ ಒಂದು ಅಸ್ಥಿಪಂಜರದ ಪ್ರತಿ ಮೂಳೆಯನ್ನೂ ಲೆಕ್ಕಕ್ಕೆ ಸೇರಿಸಿದರೆ ಊರೆಲ್ಲ ಟರ್ಕಿ ತಿಂದಂತೆ ಕಾಣುತ್ತದೆ. ಅದನ್ನು ಬೇರೆಯಾಗಿಯೇ ದಾಖಲಿಸಿ. ಕೊಕ್ಕರೆಯೋ ಟರ್ಕಿಯೋ ತಿಳಿಯದ ಚೂರಿಗೆ 'ದೊಡ್ಡ ಹಕ್ಕಿ' ಎಂದಷ್ಟೇ ಬರೆಯಿರಿ. ಬಿಲ ತೋಡುವ, ಅಳಿಲಿನ ಜಾತಿಯ ಪ್ರೇರಿ ಡಾಗ್ ಇಡಿಯಾಗಿ, ಬಿಳುಪಾಗಿ, ಸುಟ್ಟ ಅಥವಾ ಕೊಯ್ದ ಗುರುತಿಲ್ಲದೆ ಸಿಕ್ಕರೆ ಅದು ಬಹುಶಃ ಆಮೇಲೆ ಹೊಕ್ಕು ಸತ್ತದ್ದು. ಮಗುವಿನ ಮೂಳೆಯಿರಬಹುದೆಂಬ ಸಂಶಯ ಬಂದ ಕ್ಷಣವೇ ಕೈ ತೆಗೆದು ಮೇಲ್ವಿಚಾರಕರಿಗೆ ತಿಳಿಸಿ. ಮೂಲನಿವಾಸಿಗಳ ಅಸ್ಥಿ ಮತ್ತು ಸಮಾಧಿ ವಸ್ತುಗಳನ್ನು ಕುರಿತ 1990ರ ನಾಗ್‌ಪ್ರಾ ಕಾಯ್ದೆ ಕಟ್ಟುನಿಟ್ಟಾಗಿದೆ, ಪ್ವೆಬ್ಲೊ ಜನ ಇಂದಿಗೂ ಇಲ್ಲೇ ಬದುಕುತ್ತಿದ್ದಾರೆ.

ಹೋಲಿಕೆಗೆ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಮ್ಯೂಸಿಯಂ ಆಫ್ ಸೌತ್‌ವೆಸ್ಟರ್ನ್ ಬಯಾಲಜಿಯ ಅಸ್ಥಿಪಂಜರಗಳಿವೆ. ರಸ್ತೆ ಬದಿ ಸತ್ತ ಹಕ್ಕಿಯನ್ನು ಎತ್ತಿ ತರುವ ಉತ್ಸಾಹ ಬೇಡ. 1918ರ ವಲಸೆ ಹಕ್ಕಿ ಕಾಯ್ದೆಯಡಿ ಸಂರಕ್ಷಿತ ಹಕ್ಕಿಯ ಒಂದು ಗರಿಯನ್ನು ಅನುಮತಿಯಿಲ್ಲದೆ ಇಟ್ಟುಕೊಂಡರೂ ಅಪರಾಧ. ಹಳೆಯ ಗೋದಾಮಿನ ಡಬ್ಬಿಯಲ್ಲಿ ಇಲಿಹಿಕ್ಕೆ ಕಂಡರೆ ಒಣ ಪೊರಕೆ ಮುಟ್ಟಬೇಡಿ, ಹಿಕ್ಕೆಯ ಧೂಳಿನೊಡನೆ ಉಸಿರಿಗೆ ಸೇರುವ ಹಂಟಾವೈರಸ್ ಭಯ. 1993ರಲ್ಲಿ ಈ ಸೀಮೆಯಲ್ಲೇ ಜನ ಸತ್ತಿದ್ದಾರೆ. ಕೈಗವಸು ಹಾಕಿ, ಮೂಳೆಗಳನ್ನು ಮೊದಲು ಸಂಗ್ರಹಪಾಲಕರ ಕೈಗೊಪ್ಪಿಸಿ. ಬಳಿಕ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹಿಕ್ಕೆಯ ಮೇಲೆ ಸುರಿದು, ಐದು ನಿಮಿಷ ನೆನೆಸಿ, ಕೈಗವಸು ತೆಗೆಯದೆ ಒರೆಸಿ.

ದುಡಿಮೆಯ ವಿಷಯ: ಎಫ್-1 ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ. ಮೂಳೆ ವಿಂಗಡಿಸುವ ಕೆಲಸ ಅಲ್ಲೇ ಸಿಕ್ಕರೆ ಅದೃಷ್ಟ. ಹೊರಗಿನ ಗುತ್ತಿಗೆ ಉತ್ಖನನ ಕಂಪನಿ ಕರೆದರೆ, ಸಿಪಿಟಿ, ಅಂದರೆ ಓದಿನ ಭಾಗವಾದ ತರಬೇತಿ ಕೆಲಸದ ಅನುಮತಿ ಕೈಸೇರುವ ತನಕ ಒಂದು ದಿನವೂ ಹೋಗಬೇಡಿ.